ಇನ್ನೂರು ಅಂದರೆ ಸರಿ

ಮಾರ್ಚ್ 3, ಸೋಮವಾರ

ರಕ್ತದೊತ್ತಡ 158/96.

ಇದನ್ನು ದಿನಾ ಬೆಳಿಗ್ಗೆ ಅಳೆದು ಬರೆದಿಡಬೇಕೆಂದು ಡಾಕ್ಟರ ಅಪ್ಪಣೆ. ಹೆಂಡತಿ ಹೊಸ ನೋಟ್‌ಬುಕ್ ಕೈಗಿಟ್ಟು, "ಬರೀ ನಂಬರ್ ಬರೆದ್ರೆ ಸಾಲದು, ಯಾಕೆ ಏರ್ತು ಅಂತಾನೂ ಬರೀರಿ. ಊಟಕ್ಕೆ ಕೂತಾಗ ನನ್ನ ಕಿವಿಗೆ ರಜೆ ಸಿಗುತ್ತೆ" ಅಂದಳು. ಅವಳು ಕೋರ್ಟಿನಲ್ಲಿ ಸ್ಟೆನೋಗ್ರಾಫರ್. ಹಗಲೆಲ್ಲ ಬೇರೆಯವರ ಗೋಳನ್ನು ಒಂದಕ್ಷರ ಬಿಡದೆ ಬರೆದುಕೊಂಡು ಬಂದವಳಿಗೆ ಸಂಜೆ ನನ್ನದನ್ನೂ ಕೇಳು ಅನ್ನುವುದು ಅನ್ಯಾಯವೇ. ಹಾಗಾಗಿ ಈ ಪುಸ್ತಕ.

ಏರಿದ್ದು ಯಾಕೆಂದರೆ ವೆಬ್ ತಂಡ.

ನಮ್ಮ ಕಂಪನಿ ಮನೆಮನೆಗೆ ಆಮ್ಲಜನಕದ ಸಿಲಿಂಡರ್ ಕಳಿಸುತ್ತದೆ. ಶ್ವಾಸಕೋಶ ಕೈಕೊಟ್ಟು ಮನೆಯಲ್ಲೇ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಬದುಕುವ ಮೂರು ಸಾವಿರ ಚಿಲ್ಲರೆ ಜನ. ಈ ವ್ಯವಹಾರಕ್ಕೆಲ್ಲ ಹದಿನೆಂಟು ವರ್ಷದ ಹಿಂದೆ ಸಾಫ್ಟ್‌ವೇರ್ ಕಟ್ಟಿದವನು ನಾನು. ಎಲ್ಲವನ್ನೂ ಕಲಸಿ ಒಂದೇ ಗುಡ್ಡೆ ಹಾಕಲಿಲ್ಲ. ರೋಗಿಗಳ ಪಟ್ಟಿಗೆ ಒಂದು ಸರ್ವೀಸ್, ದಾಸ್ತಾನಿಗೆ ಒಂದು, ಗಾಡಿಗಳಿಗೆ ಒಂದು, ಡಾಕ್ಟರ ಚೀಟಿಯ ಅವಧಿ ನೋಡುವುದಕ್ಕೆ ಒಂದು. ಕಚೇರಿಯಲ್ಲಿ ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಗುಮಾಸ್ತ ಇದ್ದ ಹಾಗೆ. ಒಬ್ಬನ ಮೇಜಿನ ಖಾನೆಗೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಬೇಕಾದ್ದನ್ನು ಲಕೋಟೆಯಲ್ಲಿ ಬರೆದು ಕೇಳಬೇಕು, ಉತ್ತರವೂ ಲಕೋಟೆಯಲ್ಲೇ ಬರುತ್ತದೆ. ಹೇಗೆ ಕೇಳಬೇಕು, ಏನು ಉತ್ತರ ಬರುತ್ತದೆ ಅನ್ನುವುದಕ್ಕೆ ಅರವತ್ತನಾಲ್ಕು ಪುಟದ ಕರಾರು ಪತ್ರವನ್ನೂ ನಾನೇ ಬರೆದಿದ್ದೇನೆ. ಆ ಲಕೋಟೆಗಳು ಓಡಾಡುವುದು ವೆಬ್ಬಿನ ದಾರಿಯಲ್ಲೇ ನಿಜ. ಆದರೆ ದಾರಿ ಬೇರೆ, ಲಕೋಟೆ ಬೇರೆ.

ಇದುವರೆಗೆ ರೋಗಿಗಳು ಫೋನ್ ಮಾಡುತ್ತಿದ್ದರು. ಫೋನ್ ವಿಭಾಗದ ಒಂಬತ್ತು ಜನ ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಆರ್ಡರ್ ಒತ್ತುತ್ತಿದ್ದರು. ಹದಿನೇಳನೇ ತಾರೀಖಿನಿಂದ ರೋಗಿಗಳೇ ಮೊಬೈಲಿನಲ್ಲಿ ವೆಬ್ ಪುಟ ತೆರೆದು ಒತ್ತಿಕೊಳ್ಳಬೇಕಂತೆ. ಪುಟ ಕಟ್ಟಲು ಗುತ್ತಿಗೆಯ ಮೇಲೆ ಆರು ಜನ ಬಂದಿದ್ದಾರೆ. ಅವರ ಮುಖ್ಯಸ್ಥೆ ಮೂವತ್ತು ದಾಟದ ಹುಡುಗಿ. ಊಟವನ್ನೂ ನಿಂತುಕೊಂಡೇ ಮುಗಿಸುತ್ತಾಳೆ. ತರಾತುರಿ ಅಂತ ಹೆಸರಿಟ್ಟಿದ್ದೇನೆ.

"ಸರ್, ನಿಮ್ಮ ಸರ್ವೀಸ್‌ಗಳು ಗಟ್ಟಿಯಾಗಿವೆ. ನಾವು ಮೇಲೊಂದು ಪದರ ಹಾಕ್ತೀವಿ, ಅಷ್ಟೇ" ಅಂದಳು ಇವತ್ತು ಸಭೆಯಲ್ಲಿ. ಮನೆ ಕಟ್ಟಿದವನಿಗೆ ಸುಣ್ಣ ಬಳಿಯುವವಳು ಭರವಸೆ ಕೊಟ್ಟ ಹಾಗೆ.

ಮಾರ್ಚ್ 6, ಗುರುವಾರ

161/98. ಮಾತ್ರೆ ತಪ್ಪಿಸಿಲ್ಲ.

ತರಾತುರಿ ಕಳಿಸಿದ ಇಮೇಲ್ ಬಂತು. "ಆರ್ಡರ್ ತಿರಸ್ಕಾರ ಆದಾಗ ನಮಗೆ ಏನು ಬರುತ್ತೆ ಸರ್? ನಿಜವಾದ ಒಂದು ಉದಾಹರಣೆ ಕಳಿಸ್ತೀರಾ?" ನಾನು ಎರಡೇ ಪದದ ಉತ್ತರ ಬರೆದೆ: "ಕರಾರು ಓದಿ." ಪುಟ ಸಂಖ್ಯೆ ಹಾಕಬಹುದಿತ್ತು, ಹಾಕಲಿಲ್ಲ. ಹುಡುಕಲಿ. ನಾವೆಲ್ಲ ಹಾಗೇ ಕಲಿತದ್ದು. ಮಧ್ಯಾಹ್ನದ ಚಹಾ ಎಂದಿಗಿಂತ ರುಚಿಯಾಗಿತ್ತು, ಬರೆದಿಡುವುದರಲ್ಲಿ ನಾಚಿಕೆಯೇನು.

ಚಹಾ ಕುಡಿಯುವಾಗ ದೊಡ್ಡಮ್ಮ ಬಂದು ಕೂತರು. ಫೋನ್ ವಿಭಾಗದ ಹಿರಿಯರು. ಇಡೀ ಕಚೇರಿಗೇ ದೊಡ್ಡಮ್ಮ. ಕೆಮ್ಮು ಕೇಳಿದರೆ ಸಾಕು, ಯಾವ ಮನೆಯಿಂದ ಫೋನ್ ಬಂದಿದೆ ಅಂತ ಹೇಳುತ್ತಾರೆ.

"ನಮ್ಮಲ್ಲಿ ಆರು ಜನಾನ ಗೋಡೌನಿಗೆ ಹಾಕ್ತಾರಂತಪ್ಪ. ಮೂರು ಜನ ಉಳ್ಕೋತೀವಿ."

"ನಿಮ್ಮನ್ನ ಕೈಬಿಡ್ತಾರಾ ದೊಡ್ಡಮ್ಮ?"

"ನನ್ನ ಬಿಡು. ಜನಕ್ಕೆ ಏನೋ ಕೇಳ್ಬೇಕು ಅನ್ಸಿದ್ರೆ ಯಾರನ್ನ ಕೇಳ್ತಾರೆ? ಆ ಪುಟ ಮಾತಾಡುತ್ತಾ?"

ಮ್ಯಾನೇಜರನ್ನು ಕೇಳಿ ಅಂದೆ. ಅವರಿಗೆ ನಾವಿಟ್ಟಿರುವ ಹೆಸರು ಆಗಲಿ ಸಾಹೇಬರು. ಬೆಂಕಿ ಬಿದ್ದಿದೆ ಸಾರ್ ಅಂದರೂ "ಆಗ್ಲಿ" ಅನ್ನುತ್ತಾರೆ. ದೊಡ್ಡಮ್ಮ ನಕ್ಕು ಲೋಟ ತೊಳೆದಿಟ್ಟು ಹೋದರು.

ಮಾರ್ಚ್ 14, ಶುಕ್ರವಾರ

155/94.

ಪರೀಕ್ಷೆ ಮುಗಿಯಿತು. ಪರೀಕ್ಷೆಗೆಂದೇ ಬೇರೆ ಯಂತ್ರದಲ್ಲಿ ನನ್ನ ಸರ್ವೀಸ್‌ಗಳ ನಕಲು ಇದೆ, ಅದಕ್ಕೆ ಅವರ ಪುಟ ಜೋಡಿಸಿ ನೋಡಿದರು. ಬೇಕಂತಲೇ ಅವಧಿ ಮುಗಿದ ಚೀಟಿ ಹಾಕಿದಳು ತರಾತುರಿ. ಪುಟ ಕೆಂಪಾಯಿತು. ಸರಿಯಾದ ಚೀಟಿ ಹಾಕಿದಳು, ಹಸಿರು ಗುರುತು ಬಂತು, "ನಿಮ್ಮ ಸಿಲಿಂಡರ್ ಬರುತ್ತಿದೆ" ಅಂತ. ತಪ್ಪು ಹಿಡಿಯಲು ಕಾದು ಕೂತಿದ್ದವನಿಗೆ ಕೆಲಸವೇ ಸಿಗಲಿಲ್ಲ.

ಮಾರ್ಚ್ 17, ಸೋಮವಾರ

ಶುರುವಾಯಿತು. ಸಂಜೆ ಹೊತ್ತಿಗೆ ಆರುನೂರು ಹಸಿರು ಗುರುತು. ಗೋಡೆಯ ಪರದೆಯ ಮೇಲೆ ಒಂದಾದರೂ ಕೆಂಪು ಇಲ್ಲ. ಆಗಲಿ ಸಾಹೇಬರು ಎಲ್ಲರ ಕೈ ಕುಲುಕಿದರು, ನನ್ನದನ್ನು ಕೊನೆಗೆ. ಹೊಸತರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂದುಕೊಂಡೆ, ಬಾಯಿ ಬಿಡಲಿಲ್ಲ.

ಫೋನ್ ವಿಭಾಗದ ಆರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟಿದ್ದಾರೆ.

ಆರುನೂರರಲ್ಲಿ ಒಂದೂ ಕೆಂಪಿಲ್ಲ. ಮಾಮೂಲಿ ದಿನದಲ್ಲಿ ಎಂಟು ಹತ್ತು ಜನರ ಚೀಟಿಯ ಅವಧಿ ಮುಗಿದಿರುತ್ತದೆ, ದೊಡ್ಡಮ್ಮ ಗೊಣಗುತ್ತಾ ಡಾಕ್ಟರಿಗೆ ಫೋನ್ ಮಾಡಿ ಮಧ್ಯಾಹ್ನದೊಳಗೆ ಹೊಸದು ಬರೆಸುತ್ತಿದ್ದರು. ಜನ ಹುಷಾರಾಗಿರಬೇಕು.

ಮಾರ್ಚ್ 20, ಗುರುವಾರ

172/104.

ಬೆಳಿಗ್ಗೆ ಹತ್ತೂಕಾಲಿಗೆ ದೊಡ್ಡಮ್ಮ ನನ್ನ ಮೇಜಿಗೆ ಓಡಿ ಬಂದರು. ಆ ವಯಸ್ಸಿನಲ್ಲಿ ಓಡಿದ್ದನ್ನು ನಾನು ನೋಡಿಲ್ಲ.

"ಕಲ್ಲುಕೆಲಸದವರ ಮನೆ. ಸಿಲಿಂಡರ್ ಖಾಲಿ, ಬದಲಿದೂ ಖಾಲಿ. ಆಸ್ಪತ್ರೆಗೆ ಒಯ್ತಿದ್ದಾರೆ. ಸೋಮವಾರಾನೇ ಆರ್ಡರ್ ಮಾಡಿದ್ಲಂತಪ್ಪ ಆ ಹೆಂಗಸು. ಹಸಿರು ಗುರುತು ಇದೆ ಅಂತಾಳೆ, ಮೂರು ದಿನದಿಂದ ಬರ್ತಿದೆ ಬರ್ತಿದೆ ಅಂತಾನೇ ತೋರಿಸ್ತಿದೆಯಂತೆ."

"ಫೋನ್ ಮಾಡ್ಬಾರ್ದಿತ್ತಾ?"

"ಮಾಡಿದ್ಲು. ನಾವು ಇರೋದು ಮೂರು ಜನ. ನಲವತ್ತು ನಿಮಿಷ ಕಾದು ಇಟ್ಟಿದ್ದಾಳೆ, ಎರಡು ಸಲ."

ಆ ಮನೆಯ ಯಜಮಾನರಿಗೆ ಐವತ್ತೆರಡು ವರ್ಷ. ಮೂವತ್ತು ವರ್ಷ ಕಲ್ಲು ಕೆತ್ತಿ ಧೂಳು ಕುಡಿದ ಎದೆ. ಅವರ ಆರ್ಡರನ್ನು ನನ್ನ ಸರ್ವೀಸ್‌ಗಳು ಸ್ವೀಕರಿಸಿದವುಗಳ ಪಟ್ಟಿಯಲ್ಲಿ ಹುಡುಕಿದೆ. ಇರಲಿಲ್ಲ. ತರಾತುರಿಯ ಕಡೆಯ ಪಟ್ಟಿಯಲ್ಲಿ ಇತ್ತು, ಹಸಿರು ಗುರುತಿನೊಂದಿಗೆ. ಒಂದೇ ಆರ್ಡರ್ ಅಲ್ಲಿ ಇದೆ, ಇಲ್ಲಿ ಇಲ್ಲ.

ಅವಳು ನನ್ನ ಪಕ್ಕ ನಿಂತಿದ್ದಳು. "ಸರ್, ಇದೊಂದೇನಾ?" ಅಂದಳು. ನನಗೂ ಬಂದದ್ದು ಅದೇ ಪ್ರಶ್ನೆ.

ಸಂಜೆಯ ಹೊತ್ತಿಗೆ ಉತ್ತರ ಸಿಕ್ಕಿತು. ಒಂದಲ್ಲ. ಅವರನ್ನು ಬಿಟ್ಟು ಇನ್ನೂ ನಲವತ್ತೊಂದು ಮನೆ.

ಮಾರ್ಚ್ 21, ಶುಕ್ರವಾರ

ಅಳೆಯಲಿಲ್ಲ.

ಬೆಳಿಗ್ಗೆ ಏಳಕ್ಕೆ ಎಲ್ಲರೂ ಕಚೇರಿಯಲ್ಲಿ. ವೆಬ್ ಪುಟವನ್ನು ನಿನ್ನೆ ಸಂಜೆಯೇ ಮುಚ್ಚಿಸಿದೆವು, ಆರ್ಡರೆಲ್ಲ ಮತ್ತೆ ಫೋನಿನಲ್ಲೇ. ನಿನ್ನೆಯೇ ಹದಿನಾರು ಮನೆಗೆ ಗಾಡಿ ಹೋಗಿತ್ತು, ಉಳಿದದ್ದು ಇಪ್ಪತ್ತೈದು. ಗೋಡೌನಿಗೆ ಹಾಕಿದ್ದ ಆರು ಜನರನ್ನು ದೊಡ್ಡಮ್ಮ ಯಾರನ್ನೂ ಕೇಳದೆ ವಾಪಸ್ ಕರೆಸಿ, ಪೇರಿಸಿದ್ದ ಕುರ್ಚಿ ಇಳಿಸಿ ಕೂರಿಸಿದರು. ಒಂದೊಂದೇ ಮನೆಗೆ ಫೋನ್. "ಅಮ್ಮ, ಸಿಲಿಂಡರಿನ ಮುಳ್ಳು ಎಲ್ಲಿದೆ ನೋಡಿ ಹೇಳಿ." ಯಾರದ್ದು ಕೆಳಗಿದೆಯೋ ಅವರಿಗೆ ಮೊದಲ ಗಾಡಿ. ನಾನೂ ತರಾತುರಿಯೂ ಪಕ್ಕಪಕ್ಕ ಕೂತು, ಇನ್ಯಾವ ಮನೆಯೂ ಬಿಟ್ಟಿಲ್ಲವಲ್ಲ ಅಂತ ಎರಡು ಪಟ್ಟಿ ಹಿಡಿದು ಇನ್ನೊಮ್ಮೆ ಹೊಂದಿಸುತ್ತಿದ್ದೆವು. ಅವಳು ಒಂದು ಸಂಖ್ಯೆ ಓದುತ್ತಾಳೆ, ನಾನು ಇದೆ ಅಥವಾ ಇಲ್ಲ ಅನ್ನುತ್ತೇನೆ. ಇಲ್ಲ ಅಂದಾಗಲೆಲ್ಲ ಅವಳ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು.

ಮೂರು ಗಂಟೆಗೆ ನಲವತ್ತು ಮನೆ ಮುಗಿದವು. ನಲವತ್ತೊಂದನೆಯದು ಒಬ್ಬ ಮುದುಕಿಯದು, ಒಬ್ಬರೇ ಇರುವವರು, ಫೋನ್ ಸ್ವಿಚ್ ಆಫ್. ಗಾಡಿಗಳೆಲ್ಲ ಹೊರಗೆ. ತರಾತುರಿ ವಿಳಾಸ ಕಸಿದುಕೊಂಡು ತನ್ನ ಸ್ಕೂಟರ್ ಹತ್ತಿ ಹೋದಳು. ಐವತ್ತು ನಿಮಿಷ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಫೋನ್ ಬಂತು. "ಚೆನ್ನಾಗಿದ್ದಾರೆ ಸರ್. ಚಾರ್ಜ್ ಹಾಕೋದು ಮರೆತಿದ್ರಂತೆ. ನಂಗೇ ಬೈದ್ರು, ಬಾಗಿಲು ಯಾಕೆ ಹಾಗೆ ಬಡೀತೀಯ ಅಂತ." ಮಾತಾಡುತ್ತಲೇ ಅತ್ತಳು. ಇಲ್ಲಿ ದೊಡ್ಡಮ್ಮನೂ ಅತ್ತರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಕಲ್ಲುಕೆಲಸದವರು ತೀವ್ರ ನಿಗಾ ಘಟಕದಲ್ಲಿದ್ದಾರೆ.

ಸಾಹೇಬರು ಕೇಳುತ್ತಿರುವುದು ಒಂದೇ: ಯಾರ ತಪ್ಪು? ವೆಬ್ ಪುಟದ್ದೋ, ಸರ್ವೀಸಿನದ್ದೋ? ನಾನು ಪುಟದ್ದು ಅಂದೆ. ನನ್ನ ಸರ್ವೀಸ್ ಆ ಆರ್ಡರುಗಳನ್ನು ತಿರಸ್ಕರಿಸಿದೆ, ಚೀಟಿ ಅವಧಿ ಮುಗಿದಿದೆ ಅಂತ ಕಾರಣವನ್ನೂ ಬರೆದು ಕಳಿಸಿದೆ. ದಾಖಲೆ ಇದೆ. ಅವರು ಓದದಿದ್ದರೆ ನಾನೇನು ಮಾಡಲಿ?

ಮಾರ್ಚ್ 22, ಶನಿವಾರ

169/102.

ಇವತ್ತು ರಜೆ, ಆದರೂ ಹೋದೆ. ಕಚೇರಿ ಖಾಲಿ ಇತ್ತು. ಏನೋ ಕೊರೆಯುತ್ತಿತ್ತು. ಪರೀಕ್ಷೆಯಲ್ಲಿ ಕೆಂಪು ಬಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನಲ್ಲ.

ವೆಬ್ಬಿನ ದಾರಿಯಲ್ಲಿ ಬರುವ ಪ್ರತಿ ಉತ್ತರದ ಹೊರಮೈ ಮೇಲೆ ಒಂದು ಸಂಖ್ಯೆ ಇರುತ್ತದೆ. ಇನ್ನೂರು ಅಂದರೆ ಸರಿ, ಐನೂರು ಅಂದರೆ ಒಳಗೆ ಏನೋ ಕೆಟ್ಟಿದೆ. ಲೋಕದ ಬ್ರೌಸರುಗಳೆಲ್ಲ ನಂಬುವುದು ಅದನ್ನೇ. ನನ್ನ ಕರಾರಿನ ನಲವತ್ತೆರಡನೇ ಪುಟದಲ್ಲಿ ನಾನೇ ಬರೆದಿದ್ದೇನೆ: ಆರ್ಡರ್ ತಿರಸ್ಕಾರವಾದರೆ ಹೊರಗೆ ಐನೂರು, ಒಳಗೆ ಕಾರಣ. ಆ ಹುಡುಗಿ ಅದನ್ನು ಓದಿದ್ದಾಳೆ. ಓದಿದ ಹಾಗೆಯೇ ಕಟ್ಟಿದ್ದಾಳೆ. ಪರೀಕ್ಷೆಯ ಯಂತ್ರವೂ ಹಾಗೆಯೇ ನಡೆದುಕೊಂಡಿದೆ.

ನಿಜವಾಗಿ ಓಡುತ್ತಿರುವ ಸರ್ವೀಸಿನ ಒಳಗೆ ಹೋಗಿ ನೋಡಿದೆ. ನಾಲ್ಕು ಸಾಲು ಸಿಕ್ಕಿದವು. ಏನೇ ಆದರೂ ಹೊರಗೆ ಇನ್ನೂರು ಹಾಕು ಅನ್ನುವ ನಾಲ್ಕು ಸಾಲು. ಮೇಲೆ ಟಿಪ್ಪಣಿ: "ತಾತ್ಕಾಲಿಕ, ಎರಡು ವಾರದ ಮಟ್ಟಿಗೆ." ಕೆಳಗೆ ನನ್ನ ಹೆಸರಿನ ಮೊದಲಕ್ಷರ.

ನೋಡಿದ ಕೂಡಲೇ ನೆನಪಾಯಿತು. ಹದಿನೆಂಟು ವರ್ಷದ ಹಿಂದೆ, ಎಲ್ಲ ಶುರುವಾದಾಗ, ಸರ್ವರ್ ಕೋಣೆಯ ಬಾಗಿಲಲ್ಲಿ ಒಂದು ಪೆಟ್ಟಿಗೆ ಇತ್ತು, ಬರುವ ಹೋಗುವ ಎಲ್ಲ ಉತ್ತರಗಳೂ ಅದರ ಮೂಲಕವೇ. ಐನೂರು ಕಂಡರೆ ಅದು ಒಳಗಿನ ಕಾಗದವನ್ನೇ ಎಸೆದು ತನ್ನದೊಂದು "ತೊಂದರೆಯಾಗಿದೆ" ಅನ್ನುವ ಪುಟ ತುರುಕುತ್ತಿತ್ತು. ಫೋನ್ ವಿಭಾಗದವರಿಗೆ ಕಾರಣವೇ ಕಾಣುತ್ತಿರಲಿಲ್ಲ. ಪೆಟ್ಟಿಗೆಯ ಕಂಪನಿಯವರು ಎರಡು ವಾರದಲ್ಲಿ ಸರಿ ಮಾಡುತ್ತೇವೆ ಅಂದರು. ಅಷ್ಟು ದಿನದ ಮಟ್ಟಿಗೆ ಅಂತ ನಾನು ಹೊರಗಿನ ಸಂಖ್ಯೆಯನ್ನೇ ಸುಳ್ಳು ಮಾಡಿದೆ. ಫೋನ್ ವಿಭಾಗದ ಪ್ರೋಗ್ರಾಮಿಗೆ ಸಂಖ್ಯೆ ನೋಡಬೇಡ, ಲಕೋಟೆ ಒಡೆದು ಒಳಗಿನದ್ದನ್ನು ಓದು ಅಂತ ಕಲಿಸಿದೆ. ಅದು ಓದುತ್ತಿತ್ತು, ದೊಡ್ಡಮ್ಮ ಓದುತ್ತಿದ್ದರು. ಆ ಪೆಟ್ಟಿಗೆ ಗುಜರಿಗೆ ಹೋಗಿಯೇ ಹನ್ನೊಂದು ವರ್ಷವಾಯಿತು. ಸಾಲುಗಳು ಉಳಿದವು. ಪರೀಕ್ಷೆಯ ಯಂತ್ರಕ್ಕೂ ಹಾಕಲಿಲ್ಲ, ಕರಾರಿನಲ್ಲೂ ತಿದ್ದಲಿಲ್ಲ. ಎರಡು ವಾರಕ್ಕೆ ಯಾರು ತಿದ್ದುತ್ತಾರೆ?

ದಾರಿ ಬೇರೆ, ಲಕೋಟೆ ಬೇರೆ ಅಂತ ಬರೆದುಕೊಂಡಿದ್ದೆ. ದಾರಿಯ ನಿಯಮ ಮುರಿದು ಲಕೋಟೆ ಕಳಿಸಿದವನು ನಾನೇ.

ಯಂತ್ರ ಆರಿಸಿ ಬಂದೆ. ಯಾರಿಗೂ ಗೊತ್ತಿಲ್ಲ. ನನಗೂ ಇವತ್ತೇ ಗೊತ್ತಾದದ್ದು, ಅದೂ ನಿಜವೇ.

ಮಾರ್ಚ್ 23, ಭಾನುವಾರ

ಹೆಂಡತಿ ಎರಡು ಸಲ ಏನಾಯ್ತು ಅಂದಳು. ಹೊಟ್ಟೆ ಸರಿಯಿಲ್ಲ ಅಂದೆ.

ಮಾರ್ಚ್ 24, ಸೋಮವಾರ

ಕಲ್ಲುಕೆಲಸದವರು ಬೆಳಿಗ್ಗೆ ಆರು ಗಂಟೆಗೆ ಹೋದರಂತೆ. ದೊಡ್ಡಮ್ಮ ಹೇಳಿದರು.

ಮಾರ್ಚ್ 25, ಮಂಗಳವಾರ

180/108. ಅಳೆಯುವ ಯಂತ್ರವೇ ಕೆಟ್ಟಿರಬಹುದು ಅಂದುಕೊಂಡು ಇನ್ನೊಮ್ಮೆ ಅಳೆದೆ. ಅಷ್ಟೇ ಬಂತು.

ಆಗಲಿ ಸಾಹೇಬರು ಕೋಣೆಗೆ ಕರೆದರು. ಮೇಜಿನ ಮೇಲೆ ಎರಡು ಕಾಗದ. ಒಂದು, ಆ ಮನೆಗೆ ಹೋಗಬೇಕಾದ ಪತ್ರ. ಕಂಪನಿಗೆ ದುಃಖವಾಗಿದೆ. ಕೆಳಗೆ: "ತಮ್ಮ ಕಡೆಯಿಂದ ಆರ್ಡರಿನ ಪ್ರಕ್ರಿಯೆ ಪೂರ್ಣಗೊಂಡಿರಲಿಲ್ಲವೆಂದು ತಾಂತ್ರಿಕ ಪರಿಶೀಲನೆಯಿಂದ ತಿಳಿದುಬಂದಿದೆ." ಅದರ ಪಕ್ಕದಲ್ಲಿ ನನ್ನ ಸಹಿಗೆ ಜಾಗ. ಇನ್ನೊಂದು, ವೆಬ್ ತಂಡದ ಮುಖ್ಯಸ್ಥೆಯ ಗುತ್ತಿಗೆ ಶುಕ್ರವಾರಕ್ಕೆ ಮುಕ್ತಾಯ. ಕಾರಣ, ಸರ್ವೀಸಿನ ಉತ್ತರವನ್ನು ಪೂರ್ತಿ ಓದದೆ ಪುಟ ಕಟ್ಟಿದ್ದು.

"ಇದು ಪೂರ್ಣಗೊಂಡಿರಲಿಲ್ಲ ಅನ್ನೋದು..." ಅಂದೆ.

"ಪೂರ್ಣ ಆಗಿದ್ರೆ ಸಿಲಿಂಡರ್ ಹೋಗಿರೋದಲ್ವಾ? ಸುಳ್ಳೇನಿದೆ ಅದ್ರಲ್ಲಿ?"

"ಓದಿದವ್ರು ಆ ಹೆಂಗಸು ಸರಿಯಾಗಿ ಒತ್ತಿಲ್ಲ ಅಂದ್ಕೋತಾರೆ ಸಾರ್."

"ಅಂದ್ಕೊಂಡ್ರೆ ಅಂದ್ಕೊಳ್ಳಿ. ವಕೀಲರು ನೋಡಿ ಕೊಟ್ಟಿದ್ದು. ಯಾಕೆ, ನಿಮ್ಮ ಕಡೆ ಏನಾದ್ರೂ ಇದೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಅಂಗಿಯ ಕಾಲರಿಗೆ ಹೋಯಿತು. "ಓದಿ ನೋಡ್ತೀನಿ ಸಾರ್, ಎರಡು ದಿನ ಕೊಡಿ" ಅಂದೆ. ಆಗ್ಲಿ ಅಂದರು.

ಹೊರಗೆ ಆ ಹುಡುಗಿ ತನ್ನ ವರದಿ ಬರೆಯುತ್ತಿದ್ದಳು. "ನಾನೇ ಒಳಗಿನದ್ದನ್ನೂ ಓದೋ ಹಾಗೆ ಮಾಡ್ಬೇಕಿತ್ತು ಸರ್. ಹೊರಗಿನ ನಂಬರ್ ನಂಬಿದ್ದು ನನ್ನ ತಪ್ಪು" ಅಂದಳು. ಬೆಳಿಗ್ಗೆ ತಂದ ಊಟದ ಡಬ್ಬಿ ಪಕ್ಕದಲ್ಲಿ ಮುಚ್ಚಿದ ಹಾಗೇ ಇತ್ತು. ನನ್ನ "ಕರಾರು ಓದಿ" ಇಮೇಲನ್ನು ಅವಳು ಸಾಹೇಬರಿಗೆ ತೋರಿಸಿಲ್ಲ. ತೋರಿಸಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾದರೂ ಆಡಬಹುದಿತ್ತು.

ಮಾರ್ಚ್ 26, ಬುಧವಾರ

ದೊಡ್ಡಮ್ಮ ಹೇಳಿದ್ದು: ಆ ಹೆಂಗಸು ದಿನಾ ಫೋನ್ ಮಾಡುತ್ತಾರೆ. ಗಂಡ ಹೋದ ದಿನವೂ ಮಾಡಿದರು. ಬೈಯುವುದಿಲ್ಲ, ಪರಿಹಾರ ಕೇಳುವುದಿಲ್ಲ. "ನಾನು ಎಲ್ಲಿ ತಪ್ಪು ಒತ್ತಿದೆ ನೋಡಿ ಹೇಳ್ತೀರಾ?" ಅನ್ನುತ್ತಾರಂತೆ. ದೊಡ್ಡಮ್ಮನಿಗೆ ಗೊತ್ತಿಲ್ಲ, ನೋಡ್ತೀನಮ್ಮ ಅನ್ನುತ್ತಾರಂತೆ.

ಸಂಜೆ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಪಕ್ಕದಲ್ಲಿ ಕೂತು ದಿಂಬಿನ ಕವರುಗಳನ್ನು ಮಡಚುತ್ತಾ ಕೇಳಿದೆ. "ಕೋರ್ಟಲ್ಲಿ ಸುಳ್ಳು ಹೇಳೋರು ಜಾಸ್ತೀನಾ?"

"ಇಲ್ಲಪ್ಪ. ಸುಳ್ಳು ಹೇಳೋಕೆ ಧೈರ್ಯ ಬೇಕು. ಸುಮ್ನಿರೋರೇ ಜಾಸ್ತಿ."

"ಸುಮ್ನಿದ್ರೆ ನೀನು ಏನು ಬರೀತೀಯ?"

"ಏನೂ ಇಲ್ಲ. ಸುಮ್ನಿರೋದಕ್ಕೆ ಶೀಘ್ರಲಿಪೀಲಿ ಚಿಹ್ನೆ ಇಲ್ಲ ರೀ. ಆಮೇಲೆ ಓದಿದ್ರೆ ಆ ಮನುಷ್ಯ ಕೋರ್ಟಿಗೇ ಬಂದಿಲ್ವೇನೋ ಅನ್ಸುತ್ತೆ." ನನ್ನ ಕೈಯಿಂದ ದಿಂಬಿನ ಕವರು ತೆಗೆದುಕೊಂಡು ಬಿಚ್ಚಿ ಮತ್ತೆ ಮಡಚಿದಳು. "ಹೊಟ್ಟೆ ನೋವಲ್ಲ ಅಂತ ನಂಗೆ ಭಾನುವಾರಾನೇ ಗೊತ್ತಾಯ್ತು. ಈಗ ಹೇಳಿ."

ಹೇಳಿದೆ. ನಾಲ್ಕು ಸಾಲಿನಿಂದ ಹಿಡಿದು ಎರಡು ಪದದ ಆ ಇಮೇಲ್‌ವರೆಗೆ. ಮುಗಿದ ಮೇಲೆ, "ನಾಲ್ಕು ವರ್ಷ ಇದೆಯಲ್ಲ ನಿವೃತ್ತಿಗೆ" ಅಂತ ನಾನೇ ಸೇರಿಸಿದೆ.

"ಹೌದು, ನಾಲ್ಕು ವರ್ಷ ಇದೆ" ಅಂದಳು. ಅಷ್ಟೇ. ಒಂದು ಸಮಾಧಾನವಿಲ್ಲ, ಒಂದು ಬುದ್ಧಿಮಾತಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಇವಳ ಮೇಲೆ ಇಷ್ಟು ಸಿಟ್ಟು ಬಂದದ್ದಿಲ್ಲ.

ಮಾರ್ಚ್ 27, ಗುರುವಾರ

ಹೇಳಿಬಿಟ್ಟೆ.

ಸಾಹೇಬರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ನಾಲ್ಕು ಸಾಲುಗಳ ಮುದ್ರಿತ ಪ್ರತಿಯನ್ನೇ ಮುಂದಿಟ್ಟೆ. ಎರಡು ಲೋಟ ನೀರು ಕುಡಿದೆ. ಅವರು ಕನ್ನಡಕ ಏರಿಸಿ ಓದಿ, ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಕಡೆಗೇ ತಳ್ಳಿದರು.

"ಆಗ್ಲಿ. ಹೇಳಿದ್ದು ಒಳ್ಳೇದಾಯ್ತು. ಪ್ರಾಮಾಣಿಕ ಮನುಷ್ಯ ನೀವು. ಆ ಸಾಲುಗಳನ್ನ ನಿಧಾನಕ್ಕೆ ತೆಗೆದುಹಾಕಿ. ಇದು ಈ ಕೋಣೇಲೇ ಇರ್ಲಿ."

"ಪತ್ರ?"

"ನಿಮಗೆ ಕಷ್ಟ ಆದ್ರೆ ಬೇರೆಯವ್ರ ಹತ್ರ ಸಹಿ ಹಾಕಿಸ್ತೀನಿ."

ಹೊರಗೆ ಬಂದಾಗ ಎದೆ ಹಗುರವಾಗಿತ್ತು. ನನ್ನ ಕೆಲಸ ನಾನು ಮಾಡಿದೆ, ಇನ್ನು ಮೇಲಿನವರಿಗೆ ಬಿಟ್ಟದ್ದು ಅಂದುಕೊಂಡೆ. ಒಂದು ಗಂಟೆ ಅಷ್ಟೇ. ಮೂರು ಗಂಟೆಗೆ ದೊಡ್ಡಮ್ಮ ಬಂದು, "ಆ ಮಗು ಮೇಜು ಖಾಲಿ ಮಾಡ್ತಿದೆ ನೋಡು" ಅಂದರು. ಹೋಗಿ ನೋಡಿದೆ. ಒಂದು ರಟ್ಟಿನ ಡಬ್ಬಿ, ಅದರೊಳಗೆ ಚಾರ್ಜರ್, ಒಂದು ಲೋಟ, ಗಿಡದ ಪುಟ್ಟ ಕುಂಡ. ನನ್ನ ಕರಾರು ಪತ್ರದ ಪ್ರತಿಯೂ ಇತ್ತು. ಅರವತ್ತನಾಲ್ಕು ಪುಟಕ್ಕೂ ಹಳದಿ ಚೀಟಿ ಅಂಟಿಸಿ, ವೆಬ್ ತಂಡದ ಮುಖ್ಯಸ್ಥೆ ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು. ಹದಿನೆಂಟು ವರ್ಷದಲ್ಲಿ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ ಇರಬೇಕು.

ಹಾಗಾದರೆ ನಾನು ಹೇಳಿದ್ದು ಯಾರಿಗೆ ತಲುಪಿತು?

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ವೆಬ್ ತಂಡದ ಮುಖ್ಯಸ್ಥೆಯ ಮೇಜಿಗೆ ಹೋಗಿ, "ಹೊರಡೋ ಮುಂಚೆ ಒಂದು ಗಂಟೆ ಕೂರ್ತೀರಾ, ಒಂದು ಕೆಲಸ ಇದೆ" ಅಂದೆ. ನಾಲ್ಕು ಸಾಲು ತೋರಿಸಿದೆ. ಅವರು ಟಿಪ್ಪಣಿ ಓದಿದರು, ಕೆಳಗಿನ ಅಕ್ಷರ ಓದಿದರು.

"ನಾನು ಎಂಟು ದಿನದಿಂದ ನಿದ್ದೆ ಮಾಡಿಲ್ಲ ಸರ್."

"ಗೊತ್ತು."

"ಯಾವಾಗ ಗೊತ್ತಾಯ್ತು ನಿಮಗೆ?"

"ಶನಿವಾರ."

ಇವತ್ತು ಶುಕ್ರವಾರ ಅಂತ ಅವರು ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು, "ತೆಗೀರಿ, ಮೊದಲು ಫೋನ್ ವಿಭಾಗದ ಪ್ರೋಗ್ರಾಮ್ ಐನೂರು ಬಂದ್ರೂ ಓದುತ್ತಾ ನೋಡೋಣ" ಅಂದರು. ನೋಡಿದೆವು, ಓದುತ್ತದೆ. ತೆಗೆದೆ. ಅವರು ಮುಚ್ಚಿದ್ದ ನಿಜವಾದ ಪುಟ ತೆರೆದು ಅವಧಿ ಮುಗಿದ ಚೀಟಿಯೊಂದನ್ನು ಹಾಕಿದರು. ಪುಟ ಕೆಂಪಾಯಿತು: ನಿಮ್ಮ ಆರ್ಡರ್ ಸ್ವೀಕಾರವಾಗಿಲ್ಲ, ಕಾರಣ ಇದು, ಈ ಸಂಖ್ಯೆಗೆ ಫೋನ್ ಮಾಡಿ. ಹನ್ನೊಂದು ದಿನದ ಹಿಂದೆ ಬರಬೇಕಿದ್ದ ಕೆಂಪು.

ಆಮೇಲೆ ಒಂದು ಪುಟ ಬರೆದೆ. ಸಾಲುಗಳು ಯಾವಾಗ, ಯಾಕೆ, ಯಾರು ಹಾಕಿದ್ದು. ಕರಾರಿನಲ್ಲಿ ಏನಿದೆ. ಅವರು ಏನು ಕೇಳಿದ್ದರು, ನಾನು ಏನು ಉತ್ತರ ಕೊಟ್ಟೆ. ರೋಗಿಗಳ ಮನೆಯವರು ಮಾಡಿದ್ದರಲ್ಲಿ ಯಾವ ತಪ್ಪೂ ಇಲ್ಲ. ಸಾಹೇಬರಿಗೆ, ಅವರ ಮೇಲಿನವರಿಗೆ, ವಕೀಲರಿಗೆ, ವೆಬ್ ತಂಡಕ್ಕೆ, ಫೋನ್ ವಿಭಾಗದ ಒಂಬತ್ತೂ ಜನರಿಗೆ ಕಳಿಸಿದೆ. ಕಳಿಸು ಅನ್ನುವುದನ್ನು ಒತ್ತುವ ಮುಂಚೆ ಎರಡು ಸಲ ಕೈ ಹಿಂದೆ ತೆಗೆದೆ, ಹೆದರಿಕೆಯೇ, ಬೇರೇನಲ್ಲ.

ನಾಲ್ಕು ಗಂಟೆಗೆ ಉತ್ತರ ಬಂತು. ಮುಂದಿನ ತಿಳಿವಳಿಕೆಯವರೆಗೆ ನಾನು ಕಚೇರಿಗೆ ಬರುವಂತಿಲ್ಲ. ಅವರ ಗುತ್ತಿಗೆಯ ವಿಷಯ ಮೇಲಿನವರು ಮತ್ತೆ ನೋಡುತ್ತಾರಂತೆ. ಆ ಮನೆಗೆ ಪತ್ರ ಹೋಗಿದೆಯೋ ಇಲ್ಲವೋ ಯಾರೂ ಹೇಳಲಿಲ್ಲ.

ಮಾರ್ಚ್ 30, ಭಾನುವಾರ

ವಿಳಾಸ ದೊಡ್ಡಮ್ಮನ ಹತ್ತಿರ ಇತ್ತು. ನಾನೂ ಬರ್ತೀನಿ ಅಂದರು, ಜೊತೆಗೆ ಹೋದೆವು.

ಊರಂಚಿನ ಮನೆ. ಅಂಗಳದ ತುಂಬ ಕಲ್ಲು: ಕಿಟಕಿಯ ಚೌಕಟ್ಟುಗಳು, ಒಂದು ಬೆಂಚು, ಅದರ ಮೂರು ಕಾಲು ಮುಗಿದಿವೆ. ಯಜಮಾನರ ತಮ್ಮ ಅಲ್ಲೇ ಉಳಿ ಹಿಡಿದು ಕೂತಿದ್ದ. ಒಪ್ಪಿಕೊಂಡ ಕೆಲಸ, ನಿಲ್ಲಿಸುವ ಹಾಗಿಲ್ಲವಂತೆ. ಒಳಗೆ ಯಜಮಾನರ ತಾಯಿ ಚಾಪೆಯ ಮೇಲೆ. ಆ ಹೆಂಗಸು ಬಾಗಿಲ ಹತ್ತಿರ, ಗೋಡೆಗೆ ಒರಗಿ, ಬರಿ ನೆಲದ ಮೇಲೆ. ನಮ್ಮ ಕಂಪನಿಯ ಪತ್ರ ಕಿಟಕಿಯ ಕಟ್ಟೆಯ ಮೇಲಿತ್ತು, ಒಡೆದದ್ದು.

ನಾನು ಯಾರು ಅಂತ ಹೇಳಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ, ಅದೆಲ್ಲ ಎಲ್ಲಿ ಹೋಯಿತೋ. "ಅಮ್ಮ, ನಿಮ್ಮ ಮೊಬೈಲಲ್ಲಿ ಹಸಿರು ಬಂತಲ್ಲ, ಅದು ಸುಳ್ಳು. ಆರ್ಡರ್ ಹೋಗಿರ್ಲಿಲ್ಲ, ಆದ್ರೂ ಹೋಗಿದೆ ಅಂತ ತೋರಿಸ್ತು. ಹಾಗೆ ತೋರಿಸೋ ಹಾಗೆ ಮಾಡಿದ್ದು ನಾನು, ಹದಿನೆಂಟು ವರ್ಷದ ಹಿಂದೆ. ಸರಿ ಮಾಡ್ಬೇಕಿತ್ತು, ಮಾಡ್ಲಿಲ್ಲ. ನಿಮ್ಮದೇನೂ ತಪ್ಪಿಲ್ಲ" ಅಂದೆ.

ಅವರು ನನ್ನನ್ನೇ ನೋಡಿದರು. "ನಾನು ಒತ್ತಿದ್ದು ಸರಿಯಾಗಿತ್ತಾ?"

"ಸರಿಯಾಗಿತ್ತು."

"ಎಲ್ಲಾನೂ?"

"ಎಲ್ಲಾನೂ."

"ಬುಧವಾರ ಸಂಜೆ ಅವ್ರು ಉಸಿರು ಸಾಲ್ತಿಲ್ಲ ಕಣೇ ಅಂದ್ರು. ಇಲ್ನೋಡಿ, ಹಸಿರು ಬಂದಿದೆ, ಬರ್ತಿದೆ, ಯಾಕಿಷ್ಟು ಗಾಬರಿ ಅಂತ ನಾನು ಗದರಿದೆ. ಮೊಬೈಲ್ ಮುಖದ ಹತ್ರ ಹಿಡಿದು ತೋರಿಸಿ ಗದರಿದೆ."

ದೊಡ್ಡಮ್ಮ ಅವರ ಕೈ ಹಿಡಿದುಕೊಂಡರು. ಆಕೆ ಕೈ ಬಿಡಿಸಿಕೊಂಡು ಎದ್ದು ನಿಂತರು.

"ಇದನ್ನ ನಮ್ಮತ್ತೆಗೆ ಹೇಳಿ."

ಚಾಪೆಯ ಮೇಲಿನ ಮುದುಕಿಗೆ ಕಿವಿ ಮಂದ. ಹತ್ತಿರ ಕೂತು ಹೇಳಿದೆ. ಏನು ಅಂದರು. "ಜೋರಾಗಿ ಹೇಳಿ" ಅಂದರು ಸೊಸೆ. ತಪ್ಪು ನನ್ನದು, ನಿಮ್ಮ ಸೊಸೆದಲ್ಲ ಅಂತ ಕೂಗಿ ಹೇಳಿದೆ. ಅಂಗಳದಲ್ಲಿ ಉಳಿಯ ಸದ್ದು ನಿಂತಿತು. ಅವರು ಬಾಗಿಲಿಗೆ ಹೋಗಿ ಮೈದುನನನ್ನು ಕರೆದರು. "ಇವನಿಗೂ ಹೇಳಿ. ಮೊಬೈಲ್ ಒತ್ತೋಕೆ ಬರದವಳು ನಮ್ಮಣ್ಣನ್ನ ಕೊಂದ್ಲು ಅಂತ ಮಣ್ಣು ಮಾಡೋ ಕಡೆ ಎಲ್ಲರ ಮುಂದೆ ಅಂದಿದ್ದು ಇವನೇ." ಆತನಿಗೂ ಹೇಳಿದೆ. ಕೈಯಲ್ಲಿ ಸುತ್ತಿಗೆ ಹಿಡಿದೇ ಕೇಳಿಸಿಕೊಂಡ. ಹೊಡೆಯಬಹುದು ಅನ್ನಿಸಿತು. ಹೊಡೆಯಲಿಲ್ಲ, ನೆಲ ನೋಡುತ್ತಾ ನಿಂತ.

ಆಮೇಲೆ ಅವರು ಬೇರೆ ಊರಿನಲ್ಲಿರುವ ಮಗಳಿಗೆ ಫೋನ್ ಹಚ್ಚಿ, ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ನಾಲ್ಕನೇ ಸಲ ಹೇಳಿದೆ. ಆಮೇಲೆ, "ಅಮ್ಮ ಅಲ್ಲಿದ್ದಾಳಾ? ಅಮ್ಮನಿಗೆ ಕೊಡಿ" ಅಂದಿತು ಒಂದು ಎಳೆಯ ಸ್ವರ.

ಅವರು ಮೊಬೈಲ್ ಕಿವಿಗಿಟ್ಟುಕೊಂಡರು. ಹೂಂ ಅಂದರು. ಇನ್ನೊಂದು ಸಲ ಹೂಂ ಅಂದರು, ಆಗ ಅಳು ಬಂತು, ಅದಕ್ಕಿಂತ ಮೊದಲು ಅತ್ತೇ ಇರಲಿಲ್ಲವೇನೋ ಅನ್ನುವ ಹಾಗೆ. ಮುದುಕಿ ಚಾಪೆಯ ಮೇಲೆ ಸರಿದು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

"ಬಾ, ಇಲ್ಲಿ ಕೂತ್ಕೋ."

ಅವರು ಹೋಗಿ ಕೂತರು. ನಾನು ಯಾವಾಗ ಎದ್ದು ಬಂದೆ ಅಂತ ಯಾರೂ ನೋಡಲಿಲ್ಲ.